64ಕ್ಕೆ 37 ಕೂಡಿದರೆ 101 ಯಾಕೆ?

ಪ್ರಶ್ನೆ: ಮಗ ಮಣಿಪಾಲದಲ್ಲಿ ಓದುತ್ತಿದ್ದಾನೆ. ಟೆನಿಸ್ ಪಂದ್ಯ ಬಂದರೆ ಮೊಬೈಲಿನಲ್ಲಿ ಯಾವುದೋ ವಿದೇಶಿ ಪ್ರಿಡಿಕ್ಷನ್ ಮಾರ್ಕೆಟ್ ನೋಡುತ್ತಾ ಕೂರುತ್ತಾನೆ. ಮೊನ್ನೆ ಒಬ್ಬ ಆಟಗಾರನ ಮುಂದೆ 64, ಇನ್ನೊಬ್ಬನ ಮುಂದೆ 37 ಎಂದಿತ್ತು. ಕೂಡಿದರೆ 101 ಆಗುತ್ತದಲ್ಲ? 'ಇದು ಬೆಟ್ಟಿಂಗ್ ಅಲ್ಲ ಅಮ್ಮಾ, ಶೇರಿನ ಹಾಗೆ' ಎನ್ನುತ್ತಾನೆ. ನಿಜವೇ?
– ಓದುಗರು, ಕಾಪು

ಉತ್ತರ: ನಿಮ್ಮ ಕಣ್ಣಿಗೆ ಬಿದ್ದ ಆ 101ರಲ್ಲೇ ಅರ್ಧ ವಿಷಯ ಇದೆ.

ಪ್ರಿಡಿಕ್ಷನ್ ಮಾರ್ಕೆಟ್ ಎಂದರೆ ಮುಂದೆ ಏನಾಗುತ್ತದೆ ಎನ್ನುವುದರ ಮೇಲೆ ಹಣ ಹಾಕುವ ಸಂತೆ. ಇಲ್ಲಿ ಮಾರಾಟವಾಗುವುದು ಒಂದು ಕರಾರು. ಆ ಆಟಗಾರ ಗೆದ್ದರೆ 100 ಸೆಂಟ್, ಅಂದರೆ ಒಂದು ಡಾಲರ್ ಸಿಗುತ್ತದೆ. ಸೋತರೆ ಏನೂ ಇಲ್ಲ. 64 ಸೆಂಟ್ ಕೊಟ್ಟು ಕೊಂಡರೆ ಗೆದ್ದಾಗ ಲಾಭ 36. ಟೆನಿಸ್‌ನಲ್ಲಿ ಡ್ರಾ ಇಲ್ಲ, ಇಬ್ಬರಲ್ಲಿ ಒಬ್ಬ ಗೆಲ್ಲಲೇಬೇಕು. ಹಾಗಾಗಿ ಒಬ್ಬ 64 ಕೊಡುವಾಗ, ಎದುರಾಳಿ ಗೆಲ್ಲುತ್ತಾನೆ ಎನ್ನುವ ಇನ್ನೊಬ್ಬ 36 ಕೊಡುತ್ತಾನೆ. ಎರಡೂ ಸೇರಿ ಒಂದು ಡಾಲರ್. ಪಂದ್ಯ ಮುಗಿದ ಮೇಲೆ ಅದು ಪೂರ್ತಿ ಒಬ್ಬನ ಪಾಲು.

ಬುಕ್ಕಿ ದರವನ್ನು ತಾನೇ ಹೇಳಿ, ನಿಮ್ಮ ಎದುರು ತಾನೇ ನಿಲ್ಲುತ್ತಾನೆ. ಇಲ್ಲಿ ದರ ಕಟ್ಟುವುದು ಕೊಳ್ಳುವವರು, ಮಾರುವವರು. ಕೊಳ್ಳುವವರು 63 ಕೊಡುತ್ತೇವೆ ಅನ್ನುತ್ತಾರೆ, ಮಾರುವವರು 64 ಬೇಕು ಅನ್ನುತ್ತಾರೆ. ಆ ಕಡೆ ಎದುರಾಳಿಗೆ 36 ಮತ್ತು 37. ನಿಮಗೆ ಕಂಡದ್ದು ಎರಡೂ ಕಡೆ ಮಾರುವವರು ಕೇಳುವ ದರ, ಅಂದರೆ ಕೊಳ್ಳಬೇಕಾದರೆ ನೀವು ಕೊಡಬೇಕಾದದ್ದು. ಎರಡನ್ನೂ ಕೊಂಡರೆ 101 ಕೊಟ್ಟು 100 ವಾಪಸ್ ಪಡೆದ ಹಾಗೆ. ಆ ಒಂದು ಸೆಂಟ್ ನಷ್ಟ ಖಚಿತ. ಮೇಲಿಂದ ಶುಲ್ಕ ಇದ್ದರೆ ಅದೂ ಸೇರುತ್ತದೆ.

64 ಅಂದರೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 64 ಎಂದು ಜನರ ಅಂದಾಜು, ಅಷ್ಟೇ. ಇಂಥ 100 ಪಂದ್ಯದಲ್ಲಿ ಒಂದೊಂದು ಕರಾರು ಕೊಂಡರೆ ಖರ್ಚು 64 ಡಾಲರ್. ಅಂದಾಜು ಸರಿಯಿದ್ದರೆ 64 ಸಲ ಗೆದ್ದು, 64 ಡಾಲರ್ ಬರುತ್ತದೆ. ಶುಲ್ಕ ಕಳೆದರೆ ನಷ್ಟವೇ. 'ಯಾರು ಗೆಲ್ಲುತ್ತಾರೆ ಅಂತ ನಂಗೊತ್ತು' ಅಂದರೆ ಸಾಲದು. ಕಂಬಳದ ಕರೆ ಬದಿಯಲ್ಲಿ ನಿಂತವರಿಗೆಲ್ಲ ಯಾವ ಜೋಡಿ ಜೋರು ಅಂತ ಗೊತ್ತಿರುತ್ತದೆ, ಅಲ್ವಾ? ಎಲ್ಲರಿಗೂ ಗೊತ್ತಿರುವುದು ಆಗಲೇ ದರದಲ್ಲಿ ಸೇರಿರುತ್ತದೆ. ದರ ಎಲ್ಲಿ ತಪ್ಪಿದೆ ಅಂತ ಗೊತ್ತಿದ್ದವನಿಗೆ ಮಾತ್ರ ಲಾಭ.

ಪಂದ್ಯ ನಡೆಯುವಾಗಲೇ ಮಾರಬಹುದು ಎನ್ನುವುದು ನಿಜ. ಮೊದಲ ಸೆಟ್ ಗೆದ್ದು ದರ 80ಕ್ಕೆ ಏರಿದರೆ 16 ಸೆಂಟ್ ಲಾಭ. ಆದರೆ ನಿಮ್ಮ ಮಗನ ಮೊಬೈಲಿಗೆ ಆಟ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಮೈದಾನದಲ್ಲಿ ಕೂತವನು ಕೊಂಡು ಆಗಿರುತ್ತದೆ. ಆಟಗಾರ ಗಾಯಗೊಂಡು ನಡುವೆ ಬಿಟ್ಟರೆ ಹಣ ಯಾರಿಗೆ ಎನ್ನುವುದಕ್ಕೂ ಒಂದೊಂದು ಕಡೆ ಒಂದೊಂದು ನಿಯಮ.

ಇನ್ನು ಶೇರಿನ ಮಾತು. ಕೊಳ್ಳುವ ರೀತಿ ಶೇರಿನದ್ದೇ, ಒಪ್ಪುತ್ತೇನೆ. ಆದರೆ ಶೇರಿನ ಹಿಂದೆ ಸಂಪಾದಿಸುವ ಒಂದು ಕಂಪನಿ ಇರುತ್ತದೆ. ಇಲ್ಲಿ ಒಬ್ಬನಿಗೆ ಬಂದದ್ದು ಇನ್ನೊಬ್ಬ ಕಳೆದುಕೊಂಡದ್ದೇ. ನನ್ನ ಮಟ್ಟಿಗೆ ಇದು ಬೆಟ್ಟಿಂಗೇ.

ಕಾನೂನೂ ಹತ್ತಿರ ಹತ್ತಿರ ಹಾಗೇ ನೋಡುತ್ತದೆ. ಇಂಥ ಆ್ಯಪ್‌ಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲ, ಹೂಡಿಕೆದಾರರಿಗೆ ಇರುವ ರಕ್ಷಣೆ ಇಲ್ಲಿ ಸಿಗದು ಎಂದು ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಅದೇ ವರ್ಷ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ವಿದೇಶಿ ಆ್ಯಪಿನಲ್ಲಿ ಹಣ ಸಿಕ್ಕಿಕೊಂಡರೆ ಇಲ್ಲಿ ಕೇಳುವವರಿಲ್ಲ.

ಹಣ ಹಾಕಿದ್ದಾನಾ ಎಂದು ಮಗನನ್ನು ನೇರವಾಗಿ ಕೇಳಿ, ಆದರೆ ಬೈಯಬೇಡಿ. ಲೆಕ್ಕದಲ್ಲಿ ಆಸಕ್ತಿ ಇದೆಯಲ್ಲ, ಅದು ಒಳ್ಳೆಯದೇ. ಪಂದ್ಯಕ್ಕೆ ಮೊದಲು ತನ್ನ ಅಂದಾಜನ್ನು ಶೇಕಡಾದಲ್ಲಿ, ಪಕ್ಕದಲ್ಲಿ ಮಾರ್ಕೆಟ್ ದರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಸೀಸನ್ ಮುಗಿದ ಮೇಲೆ ಶೇ. 70 ಎಂದು ಬರೆದ ಪಂದ್ಯಗಳಲ್ಲಿ ಎಷ್ಟು ಸರಿಯಾದವು ಅಂತ ಎಣಿಸಲಿ. ದರಕ್ಕಿಂತ ತನ್ನ ಅಂದಾಜು ಮೇಲೋ ಅಲ್ವೋ ಎನ್ನುವುದು ಒಂದು ರೂಪಾಯಿ ಖರ್ಚಿಲ್ಲದೆ ಅವನಿಗೇ ಗೊತ್ತಾಗುತ್ತದೆ.