ಸ್ಕ್ಯಾನಿಂಗ್‌ಗೆ ಜೆಲ್ ಏಕೆ?

ಪ್ರಶ್ನೆ: ಅಲ್ಟ್ರಾಸೌಂಡ್ ಮಾಡುವಾಗ ಜೆಲ್ ಹಚ್ಚುವುದೇಕೆ? ಹೊಟ್ಟೆಗೊಂದು, ಥೈರಾಯ್ಡ್‌ಗೊಂದು ಪ್ರೋಬ್ (ಮೈಮೇಲೆ ಆಡಿಸುವ, ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಸಾಧನ) ಏಕೆ?

ಉತ್ತರ: ಶಬ್ದ ಎಷ್ಟು ದಾಟಬೇಕು, ಎಷ್ಟು ಮರಳಬೇಕು ಎಂಬುದನ್ನು ನಿರ್ಧರಿಸುವುದು ಅಕೌಸ್ಟಿಕ್ ಇಂಪೀಡೆನ್ಸ್, ಅಂದರೆ ಸಾಂದ್ರತೆ ಮತ್ತು ಶಬ್ದವೇಗದ ಗುಣಲಬ್ಧ. ಗಾಳಿಗೂ ಚರ್ಮಕ್ಕೂ ಇದರಲ್ಲಿ ಅಜಗಜಾಂತರ. ಹಾಗಾಗಿ ಆ ಗಡಿಯಲ್ಲೇ ಶೇ. 99ಕ್ಕೂ ಹೆಚ್ಚು ಶಕ್ತಿ ವಾಪಸಾಗುತ್ತದೆ. ಜೆಲ್ ಗಾಳಿಯನ್ನು ಹೊರದೂಡುತ್ತದೆ. ಗುಳ್ಳೆ ಉಳಿದರೆ ಅದರಡಿ ಕಪ್ಪು ನೆರಳು ಖಚಿತ.

ಪ್ರೋಬ್ ಆಯ್ಕೆ ನಿಜಕ್ಕೂ ಸೂಕ್ಷ್ಮ ವಿಚಾರ. ಮೃದು ಅಂಗಾಂಶದಲ್ಲಿ ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು 0.5 ಡೆಸಿಬೆಲ್ ನಷ್ಟ (ಮೆಗಾಹರ್ಟ್ಸ್ ಆವರ್ತನದ ಅಳತೆ, ಡೆಸಿಬೆಲ್ ಶಬ್ದ ಕುಗ್ಗಿದ್ದರ ಅಳತೆ). ಹೊಟ್ಟೆಯಲ್ಲಿ 10 ಸೆಂ.ಮೀ. ಆಳಕ್ಕೆ ಹೋಗಿಬರುವಷ್ಟರಲ್ಲಿ 3.5 ಮೆಗಾಹರ್ಟ್ಸ್ ಅಲೆ 35 ಡೆಸಿಬೆಲ್ ಕಳೆದುಕೊಂಡರೆ, 10 ಮೆಗಾಹರ್ಟ್ಸ್‌ನದು 100! ಆ ಪ್ರತಿಧ್ವನಿ ಯಂತ್ರದ ಎಲೆಕ್ಟ್ರಾನಿಕ್ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಥೈರಾಯ್ಡ್ ಚರ್ಮಕ್ಕೆ ಹತ್ತಿರ, ಅಲ್ಲಿ ಹೆಚ್ಚಿನ ಆವರ್ತನವೇ ಸರಿ: ತರಂಗಾಂತರ ಚಿಕ್ಕದು, ವಿವರ ಸ್ಪಷ್ಟ.