ಒಂದು ಟೆಸ್ಟ್‌ನಲ್ಲಿ 142, ಇನ್ನೊಂದರಲ್ಲಿ 91: ಮಗನ ಐಕ್ಯೂ ಯಾವುದು?

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್

ಪ್ರಶ್ನೆ: ನಮ್ಮ ಹತ್ತು ವರ್ಷದ ಮಗನಿಗೆ ಆನ್‌ಲೈನ್ ಐಕ್ಯೂ ಟೆಸ್ಟ್‌ನಲ್ಲಿ 142 ಬಂತು. ಮರುವಾರ ಬೇರೊಂದರಲ್ಲಿ 91. ಲೆಕ್ಕ ಬಾಯಲ್ಲೇ ಮಾಡುತ್ತಾನೆ, ಬರೆಯಲು ಕೂತರೆ ಅಳು. ಯಾವುದನ್ನು ನಂಬಲಿ?
– ಒಬ್ಬ ತಾಯಿ, ದಾವಣಗೆರೆ

ಎರಡನ್ನೂ ನಂಬಬೇಡಿ ತಾಯಿ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಅಂಕಿ ಮಾತ್ರ ಬೇರೆ ಬೇರೆ. ಐಕ್ಯೂ ಅನ್ನುವುದು ಜ್ವರ ನೋಡಿದ ಹಾಗೆ ನೇರವಾಗಿ ಅಳೆಯುವಂಥದ್ದಲ್ಲ. ಅದೇ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಅವೇ ಪ್ರಶ್ನೆ ಕೊಡುತ್ತಾರೆ. ಅವರ ಸರಾಸರಿಯನ್ನು 100 ಅಂತ ಇಟ್ಟುಕೊಂಡು, ನಿಮ್ಮ ಮಗು ಅಲ್ಲಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ನೋಡುತ್ತಾರೆ. ನೂರರಲ್ಲಿ ಸುಮಾರು 68 ಜನ 85ರಿಂದ 115ರೊಳಗೇ ಬರುತ್ತಾರೆ. 142 ಮುಟ್ಟುವವರು ಸಾವಿರಕ್ಕೆ ಇಬ್ಬರೋ ಮೂವರೋ. ಫೋನಿನಲ್ಲಿ ಮಾತ್ರ ಅಂಥವರು ಮನೆಗೊಬ್ಬರು! ನಿಮ್ಮ ಮಗನನ್ನು ಯಾವ ಮಕ್ಕಳ ಜೊತೆ ಹೋಲಿಸಿದರು ಅಂತ ಅಲ್ಲಿ ಬರೆದಿತ್ತಾ? ಅಂಕ ಜಾಸ್ತಿ ಬಂದರೆ ತಾನೇ ನೀವು ಅವರು ಮಾರುವ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವುದು.

ಸರಿಯಾದ ಟೆಸ್ಟ್ ಮಾಡುವವರು ಮಗುವಿನ ಎದುರು ಕೂತು ಮಾಡುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ರೂಪಿಸಿದ ಬುದ್ಧಿಮತ್ತೆಯ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಬಿನೆ-ಕಾಮತ್ ಟೆಸ್ಟ್ ಈಗಲೂ ಬಳಕೆಯಲ್ಲಿದೆ. ನನಗೆ ಅದರ ಮೇಲೂ ತಕರಾರಿದೆ. ಹಳೇ ಕಾಲದ ಸರಾಸರಿಗೆ ಹೋಲಿಸಿದರೆ ಈಗಿನ ಮಕ್ಕಳ ಅಂಕ ಉಬ್ಬಿ ಕಾಣುತ್ತದೆ. ಹೊಸ ಟೆಸ್ಟ್ ಆದರೂ ನಾಲ್ಕೈದು ಅಂಕ ಆಚೀಚೆ ಇದ್ದದ್ದೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಅಳು. ಬಾಯಲ್ಲಿ ಸಲೀಸು, ಬರಹದಲ್ಲಿ ಕಷ್ಟ ಅಂದರೆ ಕಲಿಕಾ ನ್ಯೂನತೆ ಇರಬಹುದು, ಇಲ್ಲದೆಯೂ ಇರಬಹುದು. ಪತ್ರ ಓದಿ ಹೇಳಲು ನಾನು ಜ್ಯೋತಿಷಿಯಲ್ಲ. ಮೊದಲು ಕಣ್ಣು ತೋರಿಸಿ. ಆಮೇಲೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಹೋಗುವಾಗ ಅವನ ಶಾಲೆಯ ನೋಟ್‌ಬುಕ್‌ಗಳನ್ನು ಒಯ್ಯಿರಿ, ನೀಟಾಗಿ ಬರೆದದ್ದಲ್ಲ, ಗೀಚಿ ಹೊಡೆದುಹಾಕಿದ್ದು. ಐಕ್ಯೂ ಎಷ್ಟು ಅಂತ ಕೇಳುವ ಬದಲು ಎಲ್ಲಿ ಎಡವುತ್ತಾನೆ ಅಂತ ಕೇಳಿ. ಅಲ್ಲಿಯವರೆಗೆ ಫೋನಿನಲ್ಲಿ ಅಂಥ ಟೆಸ್ಟ್ ಮಾಡಿಸುವುದು ನಿಲ್ಲಿಸಿ. ಅಂಥ ಪ್ರಶ್ನೆಗಳು ಅಭ್ಯಾಸವಾಗಿಬಿಟ್ಟರೆ ನಿಜವಾದ ಟೆಸ್ಟ್‌ನ ಅಂಕವೂ ಕೆಡುತ್ತದೆ.

ಪ್ರಶ್ನೆ: ಬೆರಳಚ್ಚು ನೋಡಿ ಮಗಳು ಡಾಕ್ಟರಾಗುತ್ತಾಳೋ ಎಂಜಿನಿಯರೋ ಹೇಳುವ ಡಿಎಂಐಟಿ ಮಾಡಿಸಲೇ?

ಬೇಡ. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಇದು ಮಷಿನ್ ಇಟ್ಟುಕೊಂಡ ಹಸ್ತಸಾಮುದ್ರಿಕ, ಅಷ್ಟೇ.

ಪ್ರಶ್ನೆ: ಮೊಜಾರ್ಟ್ ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಬೆಳೆಯುತ್ತದಾ?

ಈ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ. ಅದು ನಡೆದದ್ದು ಮಕ್ಕಳ ಮೇಲಲ್ಲ, ಕಾಲೇಜು ವಿದ್ಯಾರ್ಥಿಗಳ ಮೇಲೆ. ಅದರ ಪರಿಣಾಮ ಹತ್ತು-ಹದಿನೈದು ನಿಮಿಷ. ಸಂಗೀತ ಇಷ್ಟವಾದರೆ ಸುಮ್ನೆ ಕೇಳಿ.

ಪ್ರಶ್ನೆ: ಮಧ್ಯ ಮೆದುಳನ್ನು ಚುರುಕು ಮಾಡುತ್ತೇವೆ ಅನ್ನುವ 'ಮಿಡ್‌ಬ್ರೇನ್ ಆ್ಯಕ್ಟಿವೇಶನ್' ಕೋರ್ಸ್ ಮಾಡಿದ ಮೇಲೆ ಮಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾಳೆ, ಹೇಗೆ?

ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾಳೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಮೋಸದ ವಿರುದ್ಧ ವರ್ಷಗಳಿಂದ ಮಾತಾಡುತ್ತಾ ಬಂದಿದ್ದಾರೆ. ಮಗಳನ್ನು ಬೈಯಬೇಡಿ, ಕೋರ್ಸಿನವರ ಹತ್ತಿರ ದುಡ್ಡು ವಾಪಸ್ ಕೇಳಿ.