ತವರಿನ ಕುಸುಬಿ, ಖಾನಾಪುರದ ಮಳೆ

ಪ್ರಶ್ನೆ: ಅಕ್ಕಾರ, ನನ್ನ ತವರು ಸಿಂದಗಿ, ಕೊಟ್ಟಿದ್ದು ಖಾನಾಪುರಕ್ಕೆ. ತವರಿನ ಹೊಲದ ಕುಸುಬಿ ಹೂವನ್ನು ಕಾಗದದಲ್ಲಿ ಮಾಡುವ ಹಂಬಲ. ಮಾಡಿದೆ, ಆದರೆ ಮಳೆ ಹಿಡಿದ ಎರಡೇ ದಿನಕ್ಕೆ ಎಸಳು ಜೋತುಬಿದ್ದವು. ಮುಳ್ಳೆಲೆಗಳಂತೂ ಅಂಟಿಸಿದ ಚೀಟಿಯ ಹಾಗೆ ಚಪ್ಪಟೆ ಕಾಣುತ್ತವೆ. ನನಗೀಗ 58. 'ಈ ವಯಸ್ಸಿನ್ಯಾಗ ಇದೆಲ್ಲ ಯಾಕ' ಅಂತಾರೆ ಮನೆಯವರು.
— ಓದುಗರೊಬ್ಬರು, ಖಾನಾಪುರ

ಉತ್ತರ: ತಂಗಿ ಅಂತಲೇ ಕರೆಯುತ್ತೇನೆ, ನಿಮಗಿಂತ ಆರು ವರ್ಷಕ್ಕೆ ದೊಡ್ಡವಳು ನಾನು. ನಿಮ್ಮ ಸಂಕಟ ನನಗೆ ಗೊತ್ತು. ವಿಜಯಪುರದ ನಮ್ಮ ಮನೆಯಲ್ಲಿ ವರ್ಷವಿಡೀ ನೆಟ್ಟಗೆ ನಿಂತಿದ್ದ ಕಾಗದದ ಸೂರ್ಯಕಾಂತಿಯನ್ನು ಜುಲೈಯಲ್ಲಿ ಬೆಳಗಾವಿಗೆ, ಮಗಳ ಮನೆಗೆ ಒಯ್ದಿದ್ದೆ. ವಾರದೊಳಗೆ ತಲೆ ಬಾಗಿಸಿತು. ಮೂರು ರಾತ್ರಿ ಕೂತು ಮಾಡಿದ್ದು, ಅತ್ತೇಬಿಟ್ಟೆ.

ಆಮೇಲೆ ತಿಳಿಯಿತು, ಕಾಗದಕ್ಕೂ ಎಳೆ ಇರುತ್ತದೆ. ಮಿಲ್ಲಿನಲ್ಲಿ ತಯಾರಾಗುವಾಗ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗುತ್ತವೆ. ಎಳೆಯ ಉದ್ದಕ್ಕೆ ಕತ್ತರಿಸಿದ ಎಸಳು ಸೆಟೆದು ನಿಲ್ಲುತ್ತದೆ, ಅಡ್ಡಕ್ಕೆ ಕತ್ತರಿಸಿದ್ದು ಸುಲಭವಾಗಿ ಬಾಗುತ್ತದೆ. ತೇವ ಹೀರಿದ ನಾರು ಅಗಲಕ್ಕೇ ಹೆಚ್ಚು ಉಬ್ಬುತ್ತದೆ. ಎಳೆ ಯಾವ ಕಡೆ ಅಂತ ತಿಳಿಯಬೇಕೆ? ಅಂಗೈಯಗಲದ ಚೌಕ ಕತ್ತರಿಸಿ ಒಂದೇ ಮಗ್ಗುಲಿಗೆ ನೀರು ಸವರಿ. ಅದು ತಾನಾಗಿ ಸುರುಳಿಯಾಗುತ್ತದೆ. ಆ ಕೊಳವೆ ಯಾವ ಕಡೆ ಉದ್ದವೋ ಎಳೆಯೂ ಆ ಕಡೆ. ಹೊಸ ಹಾಳೆ ತಂದಾಗಲೆಲ್ಲ ಮೊದಲು ಇದನ್ನೇ ಮಾಡುತ್ತೇನೆ.

ಇನ್ನು ಕುಸುಬಿ. ನಾವು ಎಸಳು ಅನ್ನುವುದು ಒಂದೊಂದೂ ಬೇರೆ ಹೂವು ತಂಗಿ! ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ಅವೆಲ್ಲ ಒತ್ತಾಗಿ ಕೂತು ಒಂದು ಗೊಂಚಲು. ಹಾಗಾಗಿ ಎಸಳು ಕತ್ತರಿಸಿ ಅಂಟಿಸಬೇಡಿ. ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ತೆಗೆದುಕೊಳ್ಳಿ, ಎಳೆ ಪಟ್ಟಿಯ ಅಗಲಕ್ಕೆ ಬರಲಿ. ಬುಡದಲ್ಲಿ ಒಂದು ಸೆಂಟಿಮೀಟರ್ ಬಿಟ್ಟು ಕೂದಲಿನಷ್ಟು ಸಣ್ಣಗೆ ಕತ್ತರಿಸುತ್ತ ಹೋಗಿ. ದೀಪದ ಬತ್ತಿ ಹೊಸೆದಂತೆ ಒಂದೊಂದನ್ನೂ ಹೊಸೆದು, ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ಹೂವು ಹೊರಗಿನಿಂದ ಒಳಕ್ಕೆ ಅರಳುತ್ತದೆ, ಬಾಡುತ್ತ ಹಳದಿ ಹೋಗಿ ಕೆಂಪಡರುತ್ತದೆ. ಅದಕ್ಕೇ ಒಳಸುತ್ತಿಗೆ ಹಳದಿ, ಹೊರಸುತ್ತಿಗೆ ಕೇಸರಿ ಹಾಳೆ.

ಮುಳ್ಳೆಲೆಗೆ 120 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಹಾಳೆ ಸಾಕು. ಮಡಿಚಿದ ಟವೆಲ್ ಮೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ನಡುನರ ಒತ್ತಿ ಎಳೆಯಿರಿ. ಎಲೆ ದೋಣಿಯಂತೆ ಮೇಲೇಳುತ್ತದೆ. ಗೋಂದು ಬುಡಕ್ಕಷ್ಟೇ, ತೆಳ್ಳಗೆ. ಪೂರ್ತಿ ಬಳಿದರೆ ಮತ್ತದೇ ಚೀಟಿ. ಎಲೆಯ ಕೆಳಗೆ ನೆರಳು ಬಿದ್ದರೇನೇ ಹೂವಿಗೆ ಮೈ ಬರುವುದು.

ಮುಗಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿಡಿ, ಮೂಲೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಖಾನಾಪುರದ ಮಳೆಗೆ ಇದು ಬೇಕೇ ಬೇಕು.

ವಯಸ್ಸಿನ ಮಾತು. ಇಂಗ್ಲೆಂಡಿನ ಮೇರಿ ಡೆಲನಿ ಕಾಗದ ಕತ್ತರಿಸಿ ಹೂಗಿಡಗಳನ್ನು ಮಾಡತೊಡಗಿದ್ದು ತನ್ನ 72ನೇ ವಯಸ್ಸಿನ ಹೊತ್ತಿಗೆ. ಕಣ್ಣು ಮಂಜಾಗುವವರೆಗೆ ಸುಮಾರು 985 ಮಾಡಿದಳು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮನೆಯವರಿಗೆ ಇದನ್ನು ಓದಿ ಹೇಳಿ.

ಜನವರಿಯಲ್ಲಿ ಸಿಂದಗಿಗೆ ಹೋದರೆ ಎರಡು ಕುಸುಬಿ ಹೂವು ಕಿತ್ತು ತನ್ನಿ. ಒಂದು ಬಿಚ್ಚಿ ನೋಡಲಿಕ್ಕೆ, ಇನ್ನೊಂದು ಎದುರಿಗಿಟ್ಟುಕೊಳ್ಳಲಿಕ್ಕೆ. ಕೀಳುವಾಗ ಕೈಗೆ ಅರಿವೆ ಸುತ್ತಿಕೊಳ್ಳಿ.